ಸುಗ್ಗಿ ಹಬ್ಬದ ಹಳ್ಳಿಗೆ: ಧಾರವಾಡದಿಂದ ಬೆಟಗೇರಿ ಸೀಮೆಯ ಒಂದು ಸಭೆಯವರೆಗೆ

ಶುಕ್ರವಾರ, ಧಾರವಾಡ

ಹಳ್ಳಿಯ ಕ್ರೈಸ್ತ ಸಭೆಯ ಸುಗ್ಗಿ ಹಬ್ಬಕ್ಕೆ ಹೋಗಬೇಕೆಂದರೆ ಎರಡು ಲೆಕ್ಕ ನೋಡಿಕೊಂಡು ಹೊರಡಬೇಕು: ಹೊಲದ್ದೊಂದು, ದೇವಾಲಯದ್ದು, ಅಂದರೆ ಚರ್ಚಿನದ್ದು, ಇನ್ನೊಂದು. ಗದಗ ಸೀಮೆಯ ಎರಿ (ಕರಿಮಣ್ಣಿನ) ಹೊಲದಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಫೆಬ್ರವರಿಗೆ ಕೀಳಲು ಬರುತ್ತದೆ. ಇತ್ತ ಈಸ್ಟರಿಗೆ 46 ದಿನ ಮುಂಚೆ ಬೂದಿ ಬುಧವಾರ. ಅಂದಿನಿಂದ ಈಸ್ಟರಿನವರೆಗೆ ಲೆಂತು ಕಾಲ, ಅಂದರೆ ಉಪವಾಸ, ಪಶ್ಚಾತ್ತಾಪದ ದಿನಗಳು. ಮದುವೆ ಇಲ್ಲ, ದೊಡ್ಡ ಊಟ ಇಲ್ಲ. ಈ ಬುಧವಾರ ಫೆಬ್ರವರಿ 4ರಿಂದ ಮಾರ್ಚ್ 10ರೊಳಗೆ ಯಾವಾಗ ಬೇಕಾದರೂ ಬೀಳಬಹುದು. ಲೆಂತು ಬೇಗ ಬಂದ ವರ್ಷ ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಕಡಲೆ, ಮೆಣಸಿನಕಾಯಿ, ಉಳ್ಳಾಗಡ್ಡಿಯಲ್ಲೇ ಹಬ್ಬ ಮುಗಿಸಬೇಕು. ಅದಕ್ಕೇ ಸಭೆಯ ಹಿರಿಯರು ಹೊಸ ವರ್ಷದ ಕ್ಯಾಲೆಂಡರ್ ಕೈಗೆ ಬಂದ ಕೂಡಲೆ ಮೊದಲು ತೆಗೆದು ನೋಡುವುದು ಈಸ್ಟರಿನ ತಾರೀಖನ್ನು.

ಪ್ರಯಾಣ ಧಾರವಾಡದಿಂದ ಶುರುವಾಗುವುದಕ್ಕೆ ಕಾರಣವಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಜರ್ಮನ್-ಸ್ವಿಸ್ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿಗೆ ಬಂತು. ಇವತ್ತಿಗೂ ಈ ಭಾಗದ ಹಳ್ಳಿ ಸಭೆಗಳು ಇದೇ ದಾರಿಯ ಅಕ್ಕಪಕ್ಕ ಸಿಗುತ್ತವೆ. ಕಿಟೆಲ್‌ರ ನಿಘಂಟಿನ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನಿಲ್ಲಿ ಮತ್ತೆ ಹೇಳುವುದಿಲ್ಲ. ಅಷ್ಟಾಗಿ ಗೊತ್ತಿಲ್ಲದ್ದು ಮೆಥೊಡಿಸ್ಟರ, ಅಂದರೆ ಇಂಗ್ಲೆಂಡಿನ ಜಾನ್ ವೆಸ್ಲಿಯಿಂದ ಹುಟ್ಟಿದ ಪಂಥದವರ, ಪಾಲು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ಅದರೊಳಗೆ ಆಂಗ್ಲಿಕನ್ನರ (ಚರ್ಚ್ ಆಫ್ ಇಂಗ್ಲೆಂಡ್ ಪಂಥದವರ) ಜೊತೆ ಮೈಸೂರು ಸೀಮೆಯ ವೆಸ್ಲಿಯನ್ ಮೆಥೊಡಿಸ್ಟರೂ ಇದ್ದರು. ಧಾರವಾಡ, ಗದಗ ಕಡೆಯ ಬಾಸೆಲ್ ಮಿಷನ್ ಸಭೆಗಳು ಸೇರಿದ್ದು 1968ರಲ್ಲಿ. ಬೆಳಗಾವಿಯ ಕತೆಯೇ ಬೇರೆ. ಅದು 1904ರಲ್ಲಿ ಲಂಡನ್ ಮಿಷನ್ನಿನಿಂದ ಅಮೆರಿಕನ್ ಮೆಥೊಡಿಸ್ಟರ ಕೈಗೆ ಬಂತು. ಅಲ್ಲೂ ಬೀದರ, ಕಲಬುರಗಿ ಕಡೆಗೂ ಮೆಥೊಡಿಸ್ಟ್ ಸಭೆ ಇಂದಿಗೂ ಬೇರೆಯಾಗೇ ಇದೆ.

ಹಾಗಾಗಿ ಗದಗ ಸೀಮೆಯ ಹಳ್ಳಿ ದೇವಾಲಯದ ಗೋಡೆ ಬಾಸೆಲಿನವರದ್ದಾದರೂ ಒಳಗಿನ ಕೆಲವು ರೂಢಿ ಮೆಥೊಡಿಸ್ಟರ ಬಳುವಳಿ. ಹೊಸ ವರ್ಷದ ಮೊದಲ ರವಿವಾರ ನಡೆಯುವ ಒಡಂಬಡಿಕೆಯ ಆರಾಧನೆಯನ್ನು ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ. ದುಡಿಮೆ ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ನಾನು ನಿನ್ನವನು ಎಂದು ದೇವರಿಗೆ ಮಾತು ಕೊಡುವ ಪ್ರಾರ್ಥನೆ ಅದು. ಮಳೆ ನೆಚ್ಚಿ ಬಿತ್ತುವವರ ಬಾಯಲ್ಲಿ ಈ ಪ್ರಾರ್ಥನೆಗೆ ಬರುವ ತೂಕ ಪಟ್ಟಣದಲ್ಲಿ ಬರುವುದಿಲ್ಲ.

ಧಾರವಾಡದಲ್ಲಿ ಸಿ.ಎಸ್.ಐ. ಉತ್ತರ ಕರ್ನಾಟಕ ಧರ್ಮಪ್ರಾಂತ್ಯದ ಕಚೇರಿ ಇದೆ. ಹಳ್ಳಿ ಸಭೆಗಳ ದುಡ್ಡಿನ ದಾರಿ ತಿಳಿಯುವುದು ಇಲ್ಲೇ. ಪ್ರತಿ ಸಭೆ ವರ್ಷಕ್ಕೆ ಇಷ್ಟು ಎಂದು ಧರ್ಮಪ್ರಾಂತ್ಯಕ್ಕೆ ಕಟ್ಟುತ್ತದೆ. ಅಸೆಸ್‌ಮೆಂಟ್ ಎಂದೇ ಕರೆಯುತ್ತಾರೆ. ಸಭಾಪಾಲಕರ ಸಂಬಳಕ್ಕೆ ಈ ಹಣವೇ ಆಧಾರ. ಮೂವತ್ತು ಮನೆಯ ಹಳ್ಳಿಗೆ ಒಬ್ಬ ಸಭಾಪಾಲಕರನ್ನು ಪೂರ್ತಿ ಸಾಕುವ ಶಕ್ತಿ ಇರುವುದಿಲ್ಲ, ಆದ್ದರಿಂದ ಒಬ್ಬರೇ ನಾಲ್ಕಾರು ಹಳ್ಳಿ ನೋಡಿಕೊಳ್ಳುತ್ತಾರೆ. ತಿಂಗಳಿಗೆ ಒಂದೋ ಎರಡೋ ರವಿವಾರ ಮಾತ್ರ ಬರುತ್ತಾರೆ. ಉಳಿದ ರವಿವಾರ ಆರಾಧನೆ ನಡೆಸುವವರು ಒಬ್ಬ ರೈತ, ಒಬ್ಬ ನಿವೃತ್ತ ಶಾಲಾ ಮಾಸ್ತರ, ಒಬ್ಬ ಅಂಗನವಾಡಿ ಕಾರ್ಯಕರ್ತೆ. ಹಳ್ಳಿ ಸಭೆ ನಿಂತಿರುವುದೇ ಇಂಥವರ ಮೇಲೆ. ದಾರಿಯುದ್ದಕ್ಕೂ ಕಾಣುವುದು ಇದನ್ನೇ.

ಶನಿವಾರ, ಹುಬ್ಬಳ್ಳಿಯಿಂದ ಬೆಟಗೇರಿ ದಾಟಿ

ಧಾರವಾಡದಿಂದ ಚಿಗರಿ ಬಸ್ ಹಿಡಿದರೆ ಇಪ್ಪತ್ತು ಕಿಲೋಮೀಟರ್ ಹುಬ್ಬಳ್ಳಿ. ಹಬ್ಬಕ್ಕೆ ಹೋಗುವವರು ದುರ್ಗದಬೈಲಿನ ಪೇಟೆಗೆ ಒಂದು ಸುತ್ತು ಹಾಕಿ ಹೋಗುವುದು ಒಳ್ಳೆಯದು. ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚುವ ಕರ್ತನ ಭೋಜನಕ್ಕೆ ಬೇಕಾದ ಕಪ್ಪು ಒಣದ್ರಾಕ್ಷಿ ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಸಿರು ಒಣದ್ರಾಕ್ಷಿ ಎಲ್ಲೆಡೆ ಸಿಗುತ್ತದೆ, ಆದರೆ ಅದರ ರಸ ಚಹಾದ ಬಣ್ಣಕ್ಕೆ ಬರುತ್ತದೆ.

ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ. ಅಣ್ಣಿಗೇರಿ ದಾಟುತ್ತಲೇ ಎರಡೂ ಬದಿ ಕರಿ ನೆಲ: ಜೋಳ, ಕಡಲೆ, ಅಂಚಿಗೆ ಮುಳ್ಳಿನ ಕುಸುಬಿ. ಕಡಲೆ ಒಣಗಿ ಕಿತ್ತಾಗಿದೆಯೋ, ಜೋಳದ ತೆನೆ ಬಿಳುಪೇರಿದೆಯೋ ಎಂದು ಕಿಟಕಿಯಿಂದಲೇ ನೋಡಿಕೊಂಡರೆ ನಾಳೆಯ ಕಾಣಿಕೆಯ ಅಂದಾಜು ಸಿಗುತ್ತದೆ.

ಗದಗ ನಿಲ್ದಾಣದಿಂದ ಬೆಟಗೇರಿಗೆ ಆಟೋ. ನೇಕಾರರ ಊರು, ಬಾಸೆಲ್ ಮಿಷನ್ ಇಲ್ಲಿ ದೇವಾಲಯ, ಶಾಲೆ ಕಟ್ಟಿತು, ಮುಂದೆ ಆಸ್ಪತ್ರೆಯನ್ನೂ ತೆರೆಯಿತು. ಅದನ್ನು ಜನ ಇಂದಿಗೂ ಜರ್ಮನ್ ದವಾಖಾನಿ ಅನ್ನುತ್ತಾರೆ. ಹತ್ತಿರದ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಮಿಷನ್ ಬೇಸಾಯದ ವಸಾಹತನ್ನೂ ಮಾಡಿ ನೋಡಿತ್ತು, ಅದು ನಿಲ್ಲಲಿಲ್ಲ. ಹೊರಗಿನವರು ನೆಲ ಕೊಟ್ಟು ಕೂರಿಸಿದ ವಸಾಹತು ಹೋಯಿತು, ತಮ್ಮ ತಮ್ಮ ಊರಲ್ಲೇ ಇದ್ದು ನಂಬಿದವರ ಸಭೆ ಉಳಿಯಿತು. ಇದರಲ್ಲಿ ಯೋಚಿಸುವಂಥದ್ದು ಬಹಳ ಇದೆ.

ಬೆಟಗೇರಿಯಿಂದ ಟಂಟಂನಲ್ಲಿ ಅರ್ಧ ತಾಸು ಹೋದರೆ ಹಳ್ಳಿ. ಮಧ್ಯಾಹ್ನದ ಹೊತ್ತಿಗೆ ದೇವಾಲಯದ ಮುಂದೆ ಒಲೆ ಗುಂಡಿ ತೋಡಿ ಆಗಿರುತ್ತದೆ. ಊಟ ಇನ್ನೂರು ಜನಕ್ಕೆ. ಸಭೆಯವರು ಅದರ ಅರ್ಧ; ಉಳಿದವರು ಊರಿನ ಗೌಡರು, ಕುರುಬರು, ಮುಸಲರು, ಟ್ರ್ಯಾಕ್ಟರ್ ಕೊಟ್ಟವರು, ನೀರಿನ ಟ್ಯಾಂಕರ್ ತಂದವರು. ಗೋಧಿ ಹುಗ್ಗಿಗೆ 12 ಕಿಲೋ ಕುಟ್ಟಿದ ಗೋಧಿ, ಅಷ್ಟೇ ತೂಕದ ಬೆಲ್ಲ, 2 ಕಿಲೋ ಒಣಕೊಬ್ಬರಿ, ಕಾಲು ಕಿಲೋ ಗಸಗಸೆ, 50 ಗ್ರಾಂ ಯಾಲಕ್ಕಿ. ಅನ್ನಕ್ಕೆ 20 ಕಿಲೋ ಅಕ್ಕಿ, ಸಾರಿಗೆ 5 ಕಿಲೋ ತೊಗರಿಬೇಳೆ, ಬದನಿಕಾಯಿ ಪಲ್ಯಕ್ಕೆ 25 ಕಿಲೋ ಬದನಿಕಾಯಿ. ಜೋಳದ ರೊಟ್ಟಿ ಕೊಳ್ಳುವುದಿಲ್ಲ. ಮನೆಗೆ ಹತ್ತರಂತೆ ಕಟಿ ರೊಟ್ಟಿ ಎರಡು ದಿನ ಮುಂಚೆಯೇ ಬಂದು ಸೇರಿರುತ್ತವೆ.

ಹುಗ್ಗಿಯ ಗೋಧಿಯನ್ನು ಶನಿವಾರವೇ ಸಿದ್ಧ ಮಾಡಬೇಕು. ನೀರು ಚಿಮುಕಿಸಿ, ಒರಳಲ್ಲಿ ಕುಟ್ಟಿ, ಹೊಟ್ಟು ಬಿಡಿಸಿ, ಕೇರಿ, ಆರಹಾಕಿ, ರಾತ್ರಿ ನೆನೆಸುತ್ತಾರೆ. ನೀರು ಹೆಚ್ಚಾದರೆ ಕಾಳು ಒಡೆದು ನುಚ್ಚಾಗುತ್ತದೆ, ಕಡಿಮೆಯಾದರೆ ಹೊಟ್ಟು ಬಿಡುವುದಿಲ್ಲ. ಕೆಡುವುದು ಹೆಚ್ಚಾಗಿ ಮರುದಿನ ಬೆಳಗಿನ ಗಡಿಬಿಡಿಯಲ್ಲಿ. ಗೋಧಿ ಪೂರ್ತಿ ಬೇಯುವ ಮುಂಚೆ ಬೆಲ್ಲ ಹಾಕಿದರೆ ಕಾಳು ಅಲ್ಲಿಗೇ ಗಟ್ಟಿಯಾಗುತ್ತದೆ, ಆಮೇಲೆ ಎರಡು ತಾಸು ಕುದಿಸಿದರೂ ಮೆತ್ತಗಾಗುವುದಿಲ್ಲ. ಒಲೆಯ ಹತ್ತಿರ ಕೂತ ಹಿರಿಯಾಕೆ ಎರಡು ಬೆರಳಲ್ಲಿ ಕಾಳು ಹಿಸುಕಿ ನೋಡಿ ಹೇಳುವ ಮಾತೇ ಕೊನೆಯದು: "ಇನ್ನಾ ಒಳಗ ಬೆಳ್ಳಗ ಐತಿ. ಬೆಲ್ಲ ಮುಟ್ಟಬ್ಯಾಡ್ರವಾ."

ಇನ್ನೊಂದು ಒಲೆಯಲ್ಲಿ ದ್ರಾಕ್ಷಿ ರಸ. ನೂರು ಜನಕ್ಕೆ ಅರ್ಧ ಕಿಲೋ ಕಪ್ಪು ಒಣದ್ರಾಕ್ಷಿಯನ್ನು ಒಂದೂಕಾಲು ಲೀಟರ್ ನೀರಿನಲ್ಲಿ ಕೆಲವು ತಾಸು ನೆನೆಸಿ, ಸಂಜೆ ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಹಿಸುಕಿ, ತೆಳು ಬಟ್ಟೆಯಲ್ಲಿ ಸೋಸಿದರೆ ಸುಮಾರು ಒಂದು ಲೀಟರ್ ಸಿಗುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಸೇರಿ ಕಿಲುಬಿನ ರುಚಿ ಬರುತ್ತದೆ. ಶುಕ್ರವಾರವೇ ಮಾಡಿಟ್ಟರೆ ಫೆಬ್ರವರಿ ಬಿಸಿಲಿಗೆ ರವಿವಾರದ ಹೊತ್ತಿಗೆ ಹುದುಗು ಬರುತ್ತದೆ. ಹುದುಗದ ರಸವನ್ನೇ ಬಳಸಬೇಕೆಂಬ ಹಟ ಮೆಥೊಡಿಸ್ಟರದ್ದು. ಹೆಂಡದಿಂದ ಮನೆ ಹಾಳಾದದ್ದನ್ನು ಕಂಡ ಹಳ್ಳಿಯ ಹೆಂಗಸರು ಅದನ್ನು ಯಾರೂ ಹೇಳಿಕೊಡದೆಯೇ ಒಪ್ಪಿಕೊಂಡಿದ್ದಾರೆ. ರೊಟ್ಟಿಯ ಜಾಗದಲ್ಲಿ ಎಣ್ಣೆ ಹಾಕದ ಗೋಧಿ ಚಪಾತಿ. ಜೋಳದ ರೊಟ್ಟಿ ನಮ್ಮ ನಿತ್ಯದ ಅನ್ನವಾದರೂ ಮುರಿದಾಗ ಪುಡಿ ಉದುರುತ್ತದೆ, ಒಂದು ಚೂರೂ ನೆಲಕ್ಕೆ ಬೀಳಬಾರದು.

ರಾತ್ರಿ ಎಂಟಕ್ಕೆ ಒಂದು ಮನೆಯಲ್ಲಿ ಪ್ರಾರ್ಥನಾ ಕೂಟ. ಹತ್ತು ಹನ್ನೆರಡು ಜನ, ಜಮಖಾನಿ, ಒಂದು ಪೇಟಿ (ಹಾರ್ಮೋನಿಯಂ). ಹಾಡು, ಸತ್ಯವೇದದ ಒಂದು ಅಧ್ಯಾಯ, ಆಮೇಲೆ ಒಬ್ಬೊಬ್ಬರೇ ತಮ್ಮ ವಾರ ಹೇಳುತ್ತಾರೆ: ಮಗಳ ಜ್ವರ, ಬೋರ್‌ವೆಲ್ ಬತ್ತಿದ್ದು, ಸೊಸೈಟಿ ಸಾಲ. ವೆಸ್ಲಿಯ ಮೆಥೊಡಿಸ್ಟರು 1742ರಲ್ಲಿ ಬ್ರಿಸ್ಟಲ್ಲಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬ ನಾಯಕನನ್ನು ಇಟ್ಟು, ವಾರಕ್ಕೆ ತಲೆಗೊಂದು ಪೆನ್ನಿ ಕೂಡಿಸಿದರು. ಮನೆ ಮನೆಗೆ ಹೋದ ನಾಯಕರಿಗೆ ದುಡ್ಡಿಗಿಂತ ಹೆಚ್ಚಾಗಿ ಕಷ್ಟಸುಖ ಸಿಕ್ಕಿತು, ಅಲ್ಲಿಂದಲೇ ಈ ಕೂಟಗಳ ಪದ್ಧತಿ ಬೆಳೆಯಿತು. ಗದಗ ಸೀಮೆಯ ಈ ಕೂಟಕ್ಕೆ ಅಲ್ಲಿಂದ ನೇರ ದಾರಿ ಇದೆ ಎಂದೇನೂ ಅಲ್ಲ. ಪಾದ್ರಿ ದೂರ ಇರುವಲ್ಲಿ ಜನ ಒಬ್ಬರನ್ನೊಬ್ಬರು ಕಾಯಬೇಕಾಗುತ್ತದೆ, ಅಷ್ಟೆ.

ರವಿವಾರ, ಹಳ್ಳಿ

ಗಂಟಿ ಮೂರು ಸಲ: ಆರಾಧನೆಗೆ ಒಂದು ತಾಸು ಮುಂಚೆ, ಅರ್ಧ ತಾಸು ಮುಂಚೆ, ಶುರುವಾಗುವಾಗ. ಮೊದಲನೆಯದು ಎಮ್ಮೆ ಹಿಂಡಿ ಮುಗಿಸಲು, ಎರಡನೆಯದು ಮಕ್ಕಳಿಗೆ ಅಂಗಿ ತೊಡಿಸಲು. ಬಿಟ್ಟು ಬಿಟ್ಟು ಒಂದೊಂದೇ ಪೆಟ್ಟು ಬಿದ್ದರೆ ಸಾವು ಎಂದು ಇಡೀ ಊರಿಗೆ ಗೊತ್ತು, ಆದ್ದರಿಂದ ಗಂಟಿಯ ಹಗ್ಗ ಮಕ್ಕಳ ಕೈಗೆ ಕೊಡುವುದಿಲ್ಲ.

ಚಪ್ಪಲಿ ಹೊರಗೆ. ಗಂಡಸರು ಒಂದು ಬದಿ, ಸೆರಗು ತಲೆಗೆ ಹೊದ್ದ ಹೆಂಗಸರು ಇನ್ನೊಂದು ಬದಿ, ಮುಂದೆ ಮಕ್ಕಳು. ಪೂಜಾಪೀಠದ ಎರಡೂ ಬದಿಗೆ ಜೋಳದ ದಂಟು ತೆನೆ ಸಮೇತ ಕಟ್ಟಿ ನಿಲ್ಲಿಸಿರುತ್ತಾರೆ. ಕೆಳಗೆ ಮೊರದಲ್ಲಿ ಕಡಲೆ, ಬುಟ್ಟಿಯಲ್ಲಿ ಒಣಮೆಣಸಿನಕಾಯಿ, ಕುಂಬಳಕಾಯಿ, ಉಳ್ಳಾಗಡ್ಡಿ, ಶೇಂಗಾ, ಹತ್ತಿ, ತತ್ತಿಯ ಬುಟ್ಟಿ. ಮೆಣಸಿನಕಾಯಿಯನ್ನು ಬಾಗಿಲ ಕಡೆಗೇ ಇಡಬೇಕು. ಫ್ಯಾನಿನ ಕೆಳಗೆ ಇಟ್ಟರೆ ಪ್ರಸಂಗದುದ್ದಕ್ಕೂ ಕೆಮ್ಮು.

ಹಾಡು ಎರಡು ಬಗೆಯವು. ಜರ್ಮನ್ ರಾಗದ ಹಳೆಯ ಸಂಗೀತಗಳು ಒಂದು, ನಮ್ಮ ಭಜನೆಯ ಧಾಟಿಯವು ಇನ್ನೊಂದು. ಜರ್ಮನ್ ರಾಗಗಳನ್ನು ನಾಲ್ಕು ದನಿಗೆ ಹೊಂದಿಸಿದ್ದಾರೆ. ಪುಸ್ತಕದಲ್ಲಿದ್ದ ಎತ್ತರಕ್ಕೇ ಪೇಟಿ ಹಿಡಿದರೆ ಮೂರನೇ ಸಾಲಿನಲ್ಲಿ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಪೇಟಿಯ ಎರಡು ಮೂರು ಮನೆ (ಕೀ) ಕೆಳಗಿಳಿಸಿಕೊಂಡರೆ ಇಡೀ ಸಭೆ ಹಾಡುತ್ತದೆ. ವಾರಪೂರ್ತಿ ಬೀಗ ಹಾಕಿದ ಕೋಣೆಯಲ್ಲಿ ಇಡುವುದರಿಂದ ಪೇಟಿಗೆ ಇಲಿ ಕಾಟ; ತಿದಿಯ ಮಡಿಕೆಯನ್ನೇ ಕಡಿಯುತ್ತವೆ. ಒಂದು ಮನೆ ಮೂಕಾದರೆ ಬಹಳ ಸಲ ಸ್ವರದ ಪಟ್ಟಿಯಡಿ ಧೂಳು ಕೂತಿರುತ್ತದೆ. ತೆಳ್ಳನೆ ಕಾಗದ ತೂರಿಸಿ ಮೆಲ್ಲಗೆ ಎಳೆದರೆ ಸಾಕು. ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಗದಗ ಪಕ್ಕದಲ್ಲೇ ಇರುವಾಗ ಪೇಟಿ ಬಲ್ಲವರಿಗೆ ಇಲ್ಲಿ ಬರ ಇಲ್ಲ.

ಪಾಪದ ಅರಿಕೆ, ಕೀರ್ತನೆ, ಮೂರು ವಾಚನ, ವಿಶ್ವಾಸ ಪ್ರಮಾಣ, ಪ್ರಸಂಗ. ಸುಗ್ಗಿಯ ರವಿವಾರ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಓದುವುದುಂಟು. ಮೊದಲ ಫಲವನ್ನು ಪುಟ್ಟಿಯಲ್ಲಿಟ್ಟು ತಂದು, ಪರದೇಶದಲ್ಲಿ ದುಡಿಸಿಕೊಂಡ ತನ್ನ ಹಿರಿಯರನ್ನು ನೆನೆದು, ಊರಲ್ಲಿರುವ ಅನ್ಯರ ಜೊತೆಗೂ ಸಂತೋಷಪಡು ಎಂದು ರೈತನಿಗೆ ಹೇಳುವ ಅಧ್ಯಾಯ. ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗಿ ಬಂದವರು ಇಲ್ಲಿ ಕೂತಿರುತ್ತಾರೆ. ಅವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಕರ್ತನ ಭೋಜನವನ್ನು ದೀಕ್ಷೆ ಪಡೆದ ಸಭಾಪಾಲಕರೇ ನಡೆಸಬೇಕು. ಅವರು ಬಾರದ ರವಿವಾರ ಪ್ರಾರ್ಥನೆ, ಪ್ರಸಂಗ ಎಲ್ಲ ಇದ್ದರೂ ಇದೊಂದು ಇರುವುದಿಲ್ಲ. ಅದಕ್ಕೇ ಅವರ ಬೈಕು ದೂರದಲ್ಲಿ ಸದ್ದು ಮಾಡಿದರೆ ಹಿರಿಯರ ಮುಖ ಅರಳುತ್ತದೆ. ಬಾಗಿಲಲ್ಲೇ "ಸ್ತೋತ್ರರೀ ಅಯ್ಯನೋರ" ಎಂದು ಕೈ ಜೋಡಿಸಿ, ಮುಂದಿನ ಉಸಿರಲ್ಲೇ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ಹೇಳಿಬಿಡುತ್ತಾರೆ. ಆರಾಧನೆ ಮುಗಿದ ಮೇಲೆ ಉಳಿದ ರೊಟ್ಟಿ, ರಸ ಆ ಮನೆಗಳಿಗೆ ಹೋಗುತ್ತದೆ.

ಆಮೇಲೆ ಕಾಣಿಕೆಗಳ ಲಿಲಾವು, ಅಂದರೆ ಹರಾಜು. ದೇವಾಲಯದ ಹೊರಗೆ ಬೇವಿನ ಗಿಡದ ಕೆಳಗೆ. ಕೂಗುವವನು ಒಬ್ಬ, ಬರೆಯುವವರು ಇಬ್ಬರು. ಇಬ್ಬರ ಪಟ್ಟಿ ಕೊನೆಗೆ ತಾಳೆಯಾಗಬೇಕು. ಕ್ರಮ ಮುಖ್ಯ: ಮೊದಲು ಕೋಳಿ, ಯಾಕೆಂದರೆ ಕಾಲು ಕಟ್ಟಿ ಬಿಸಿಲಲ್ಲಿಟ್ಟರೆ ಸಾಯುತ್ತವೆ. ನಂತರ ಹಾಲು, ತತ್ತಿ, ಕಾಯಿಪಲ್ಯೆ. ಕಾಳುಕಡಿ ಕೊನೆಗೆ, ಅದನ್ನು ಮೊದಲೇ ತೂಗಿ ಚೀಲದ ಮೇಲೆ ಬರೆದಿರಬೇಕು. ತೂಗದೆ ಕೂಗಿದರೆ ಆಮೇಲೆ ಸೇರಿನ ಲೆಕ್ಕವೋ ಕಿಲೋದ ಲೆಕ್ಕವೋ ಎಂದು ತಕರಾರು ಬರುತ್ತದೆ. "ಒಂದ್ ಸರ್ತಿ, ಎರಡ್ ಸರ್ತಿ..." ಎಂದು ಕೂಗುವಾಗ ಒಂದು ಕುಂಬಳಕಾಯಿ ಪೇಟೆಯ ಹತ್ತು ಪಟ್ಟು ಬೆಲೆಗೆ ಏರುವುದುಂಟು. ಕೊಂಡವನು ಅದನ್ನು ಮತ್ತೆ ದೇವರಿಗೇ ಕೊಡುತ್ತಾನೆ, ಮತ್ತೆ ಕೂಗುತ್ತಾರೆ. ಜೋಳ ಮಾತ್ರ ಹೆಚ್ಚುಕಡಿಮೆ ಎಪಿಎಂಸಿ ದರದಲ್ಲೇ ನಿಲ್ಲುತ್ತದೆ. ಜೋಳ ಹೊಟ್ಟೆಗೆ ಬೇಕಾದದ್ದು, ಅದರಲ್ಲಿ ಪೈಪೋಟಿ ಮಾಡಿ ಬಡವರ ಕೈ ತಪ್ಪಿಸಬಾರದು ಎಂಬ ತಿಳಿವಳಿಕೆ ಎಲ್ಲರಿಗೂ ಇದೆ.

ಲಿಲಾವು ಕೆಡುವುದು ಉದ್ರಿಯಿಂದ. ಉತ್ಸಾಹದಲ್ಲಿ ಕೂಗಿದ ದುಡ್ಡು ಈಸ್ಟರ್ ಬಂದರೂ ಬರುವುದಿಲ್ಲ, ಕೇಳಲು ಹೋದರೆ ಮನಸ್ತಾಪ. ಆದ್ದರಿಂದ ಚೆನ್ನಾಗಿ ನಡೆಯುವ ಸಭೆಗಳಲ್ಲಿ ಕೋಳಿ, ಕಾಯಿಪಲ್ಯೆಗೆ ರೋಖ ಮಾತ್ರ, ಕಾಳಿನ ಚೀಲಕ್ಕೆ ಮುಂದಿನ ರವಿವಾರದವರೆಗೆ ಗಡುವು.

ಊಟ ಎರಡು ಗಂಟೆಗೆ. ಒಂದೇ ಪಂಕ್ತಿ, ಒಂದೇ ಜಮಖಾನಿ. ಅಜ್ಜಂದಿರ ಕಾಲದಲ್ಲಿ ಬೇರೆ ಬೇರೆ ಬಾವಿಯ ನೀರು ಕುಡಿದ ಮನೆಗಳವರು ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಹಬ್ಬದ ಎಲ್ಲ ಕಾಣಿಕೆಗಿಂತ ಇದು ದೊಡ್ಡದು.

ಸೋಮವಾರ, ಲೆಕ್ಕ ಮತ್ತು ಹಂಚು

ಮುಂಜಾನೆ ಮೊದಲ ಕೆಲಸ ಪೂಜಾಪೀಠದ ಜೋಳದ ದಂಟು, ಚೆಲ್ಲಿದ ಕಾಳು ಹೊರಹಾಕುವುದು. ಎರಡು ದಿನ ಬಿಟ್ಟರೆ ಇಲಿ ಬರುತ್ತವೆ, ಆಮೇಲೆ ಪೇಟಿಗೂ ಕುತ್ತು.

ಸಮಾಧಿ ಜಾಗ ಊರ ಹೊರಗೆ, ಹಳ್ಳದ ದಿಣ್ಣೆಯ ಮೇಲೆ. ಎರಿ ನೆಲದಲ್ಲಿ ಕುಣಿ ಮುಚ್ಚಿದ ಕೂಡಲೆ ಕಲ್ಲು ಕಟ್ಟಿಸಬಾರದು. ಮಳೆಗೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ತೋಡಿದ ಜಾಗ ಕುಸಿಯುತ್ತದೆ. ಎರಡು ಮಳೆಗಾಲ ಕಳೆದು ಮಣ್ಣು ಕೂತ ಮೇಲೆ ಕಟ್ಟಿದರೆ ಕಲ್ಲು ವಾಲುವುದಿಲ್ಲ. ದುಃಖದಲ್ಲಿದ್ದ ಮನೆಯವರು ಅವಸರ ಮಾಡುತ್ತಾರೆ. ಅಷ್ಟು ದಿನ ಮರದ ಶಿಲುಬೆ ಸಾಕೆಂದು ಹಿರಿಯರು ತಿಳಿಹೇಳಬೇಕಾಗುತ್ತದೆ.

ಶಾಲೆಗೆ ಮಕ್ಕಳನ್ನು ಸೇರಿಸುವ ಕಾಲ ಹತ್ತಿರ ಬಂದಾಗ ಸಭೆಯ ಹಿರಿಯರ ಮುಂದೆ ಬರುವ ಕಾಗದ ಇನ್ನೊಂದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ಕ್ಕೆ, ಉಳಿದ ಕ್ರೈಸ್ತರು 3ಬಿಗೆ ಬರುತ್ತಾರೆ. ಸಭೆಯ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಾಖಲೆ ಪುಸ್ತಕದಲ್ಲಿ ಹುಟ್ಟಿದ ತಾರೀಖು, ದೀಕ್ಷಾಸ್ನಾನದ ತಾರೀಖು, ತಂದೆತಾಯಿಯ ಹೆಸರು, ಸಾಕ್ಷಿಗಳ ಸಹಿ ಇರುತ್ತವೆ. ಇಲ್ಲಿನ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ತಹಶೀಲ್ದಾರ್ ಕಚೇರಿಗೆ ನಾಲ್ಕು ಸಲ ಅಲೆಯಬೇಕಾಗುತ್ತದೆ. ನಂಬಿಕೆಗಾಗಿ ಇಷ್ಟು ಬೆಲೆ ತೆತ್ತೂ ಸಭೆ ಬಿಡದವರ ಗಟ್ಟಿತನವನ್ನು ಹೊರಗಿನವರು ಗಮನಿಸುವುದು ಕಡಿಮೆ.

ಮಧ್ಯಾಹ್ನ ಲೆಕ್ಕ. ಎರಡು ಪಟ್ಟಿ ತಾಳೆ ನೋಡಿ, ಅಡುಗೆಯ ಖರ್ಚು ಕಳೆದು, ಅಸೆಸ್‌ಮೆಂಟಿನ ಬಾಕಿ ತೆಗೆದಿಟ್ಟು, ಒಬ್ಬಂಟಿ ಮುದುಕಿಯರ ಮನೆಗೆ ಜೋಳ ಕೊಟ್ಟು, ಉಳಿದದ್ದು ದೇವಾಲಯದ ಮಾಡಿಗೆ (ಛಾವಣಿಗೆ). ಮೂವತ್ತಕ್ಕೆ ಹದಿನೆಂಟು ಅಡಿಯ ದೇವಾಲಯಕ್ಕೆ ಇಳಿಜಾರು, ಸೂರು ಸೇರಿ ಸುಮಾರು 850 ಚದರಡಿ ಮಾಡು. ನೂರು ಚದರಡಿಗೆ 150ರಂತೆ 1,300 ಮಂಗಳೂರು ಹಂಚು. ವರ್ಷಕ್ಕೆ ಐವತ್ತು ಅರವತ್ತು ಹಂಚನ್ನು ಮಂಗಗಳು ಒಡೆಯುತ್ತವೆ. ಒಡೆದ ಹಂಚಿಗೆ ಸಿಮೆಂಟ್ ಮೆತ್ತುವುದು ಕೆಟ್ಟ ರೂಢಿ. ಬಿಸಿಲಿಗೆ ಅದು ಬಿರುಕು ಬಿಡುತ್ತದೆ, ನೀರು ಕೆಳಗಿನ ರೀಪಿಗೆ ಇಳಿದು ಅದು ಕೊಳೆಯುತ್ತದೆ, ಆಮೇಲೆ ಆ ಹಂಚು ತೆಗೆಯಹೋದರೆ ಪಕ್ಕದ ನಾಲ್ಕು ಒಡೆಯುತ್ತವೆ. ಹೊಸ ಹಂಚು ತರುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರದಿದ್ದರೆ ಗಾಳಿಗೆ ಏಳುತ್ತದೆ. ಗೋಡೆಯ ಮೂಲೆಯ ಬಿರುಕಿಗೆ ಗಾರೆ ತುಂಬಿದರೆ ಸಾಲದು. ಹಳಬರು ಪಾಯವನ್ನು ಎರಿ ಮಣ್ಣು ದಾಟಿಸಿ ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಸಿದ್ದಾರೋ ಇಲ್ಲವೋ ಎಂದು ಒಂದು ಮೂಲೆಯಲ್ಲಿ ತೋಡಿ ನೋಡಬೇಕು.

ಈ ಕೆಲಸಕ್ಕೆ ಗಡುವು ಏಪ್ರಿಲ್ ಮುಗಿಯುವುದರೊಳಗೆ. ಮೇ ತಿಂಗಳ ಅಡ್ಡಮಳೆ ಗಾಳಿ, ಆಲಿಕಲ್ಲು ಎರಡನ್ನೂ ತರುತ್ತದೆ. ಅಷ್ಟರೊಳಗೆ ನಡುವೆ ಲೆಂತು ಕಾಲದ ಪ್ರತಿ ಶುಕ್ರವಾರ ಸಂಜೆಯ ಕೂಟ, ಶುಭ ಶುಕ್ರವಾರ, ಈಸ್ಟರ್ ಬೆಳಗಿನ ಸಮಾಧಿ ಜಾಗದ ಆರಾಧನೆ ಇವೆ. ಹಂಚಿನವರನ್ನು ಈಸ್ಟರ್ ಮುಗಿದ ಸೋಮವಾರಕ್ಕೆ ಕರೆಯುವುದೆಂದು ತೀರ್ಮಾನಿಸಿ, ಮುಂಗಡ ಯಾರು ಬೆಟಗೇರಿಗೆ ಒಯ್ಯಬೇಕೆಂದು ಹೆಸರು ಬರೆದು, ಇಬ್ಬರು ಹಿರಿಯರು ಲೆಕ್ಕದ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಗದಗಿನ ಕಡೆ ಹೋಗುವ ಕೊನೆಯ ಟಂಟಂ ಸಂಜೆ ಆರಕ್ಕೆ.